ಹತ್ತಿರದ ಸುರುಳಿ ಗ್ಯಾಲಕ್ಸಿಯಲ್ಲಿ ಕಂಡ ಉಬ್ಬು: ಅದು ದೂಳಿನದೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಜೊತೆಗೆ ಅರೆಕಾಲಿಕವಾಗಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಹತ್ತಿರದ ಸುರುಳಿ ಗ್ಯಾಲಕ್ಸಿಗಳಿಂದ ಬರುವ ಅಸಹಜ ಮೈಕ್ರೋವೇವ್ ಉತ್ಸರ್ಜನೆ ನನ್ನ ವಿಷಯ. ಸಾರ್ವಜನಿಕವಾಗಿ ಸಿಗುವ ದತ್ತಾಂಶವನ್ನಷ್ಟೇ ಬಳಸಿ ಎನ್‌ಜಿಸಿ 5055 ಗ್ಯಾಲಕ್ಸಿಯ ರೋಹಿತವನ್ನು ಜೋಡಿಸಿದ್ದೇನೆ. ಪ್ಲಾಂಕ್ ಉಪಗ್ರಹದ 28.4 ಗಿಗಾಹರ್ಟ್ಜ್ ನಕ್ಷೆಯಲ್ಲಿ ನಿರೀಕ್ಷೆಗಿಂತ ಸುಮಾರು 100 ಮಿಲಿಜಾನ್ಸ್ಕಿ (ಜಾನ್ಸ್ಕಿ ಎಂಬುದು ರೇಡಿಯೊ ಮೂಲಗಳ ತೀವ್ರತೆಯ ಅಳತೆ) ಹೆಚ್ಚು ಬಂದಿದೆ. ತಿರುಗುವ ದೂಳಿನ ಮಾದರಿಯೊಂದನ್ನು ಸೇರಿಸಿದರೆ ವಕ್ರರೇಖೆ ಎಲ್ಲ ಬಿಂದುಗಳ ಮೇಲೂ ಚೆನ್ನಾಗಿ ಕೂರುತ್ತದೆ. ಆದರೆ ಇಟಲಿಯ ಸಾರ್ಡಿನಿಯಾ ರೇಡಿಯೊ ದೂರದರ್ಶಕದಿಂದ ಇದೇ ಗ್ಯಾಲಕ್ಸಿಯನ್ನು ನೋಡಿದವರಿಗೆ ಅಂಥದ್ದೇನೂ ಸಿಗಲಿಲ್ಲ ಎಂದು 2022ರ ಪ್ರಬಂಧವೊಂದರಲ್ಲಿ ಓದಿದೆ. ನನ್ನದು ತಪ್ಪೋ, ಅವರದು ತಪ್ಪೋ? ವಿಷಯವನ್ನೇ ಬದಲಿಸಿಬಿಡಿ ಎಂದು ಮಾರ್ಗದರ್ಶಕರು ಹೇಳುತ್ತಿದ್ದಾರೆ. ಎರಡು ವರ್ಷದ ಶ್ರಮ ವ್ಯರ್ಥವಾಯಿತೇ ಎಂಬ ಭಯ ಕಾಡುತ್ತಿದೆ. ತರಗತಿಯಲ್ಲಿ ಈ ವಿಷಯ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು, ಇದು ಅನ್ಯಲೋಕದವರ ಸಂಕೇತವೇ, ಈ ಮೈಕ್ರೋವೇವ್‌ನಿಂದ ನಮಗೆ ಅಪಾಯವಿದೆಯೇ, ಬಿಗ್ ಬ್ಯಾಂಗ್ ಸಿದ್ಧಾಂತವೇ ಇದರಿಂದ ಬಿದ್ದುಹೋಗುತ್ತದೆಯೇ ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೀವು ಕಂಡ ಉಬ್ಬು ನಿಜವೇ ಎಂಬುದು ಒಂದು. ಅದು ನಿಜವಲ್ಲದಿದ್ದರೆ ಈ ವಿಷಯದಲ್ಲಿ ಉಳಿಯುವುದರಲ್ಲಿ ಅರ್ಥವಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ನೀವು ಕೊಟ್ಟ ವಿವರಗಳನ್ನು ನೋಡಿದರೆ ಆ 100 ಮಿಲಿಜಾನ್ಸ್ಕಿಯ ಬಹುಪಾಲು ಎನ್‌ಜಿಸಿ 5055ರದ್ದಲ್ಲ, ಅದರ ಹಿಂದಿರುವ ಆಕಾಶದ್ದು. ಎರಡನೆಯದಕ್ಕೆ ಉತ್ತರ ಹೌದು, ಖಂಡಿತ ಅರ್ಥವಿದೆ. ಸಾರ್ಡಿನಿಯಾದವರ ಫಲಿತಾಂಶವನ್ನು ನೀವು ನಿಮ್ಮ ಎದುರಾಳಿಯೆಂದು ಓದಿದ್ದೀರಿ. ಅದು ನಿಮ್ಮ ಕೆಲಸಕ್ಕೆ ದಾರಿ ತೋರಿಸುವ ಪ್ರಬಂಧ.

ವಿದ್ಯಾರ್ಥಿಗಳ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅವು ಸಹಜವಾದ ಪ್ರಶ್ನೆಗಳು ಮತ್ತು ಗೊಂದಲದ ಮೂಲ ಇರುವುದು "ಅಸಹಜ" ಎಂಬ ಪದದಲ್ಲೇ. 1990ರ ದಶಕದಲ್ಲಿ ಈ ಹೆಸರು ಬಂದಾಗ ಅದರ ಅರ್ಥ ಇಷ್ಟೇ ಆಗಿತ್ತು: ಆಗ ಗೊತ್ತಿದ್ದ ಮೂರು ಮೂಲಗಳನ್ನು (ವೇಗದ ಎಲೆಕ್ಟ್ರಾನ್‌ಗಳು, ಬಿಸಿ ಅನಿಲ, ದೂಳಿನ ಶಾಖವಿಕಿರಣ) ಕೂಡಿಸಿದರೂ ಅಳತೆಯ ಲೆಕ್ಕ ಸರಿಹೋಗುತ್ತಿರಲಿಲ್ಲ. ಉದ್ದೇಶಪೂರ್ವಕವಾಗಿ ಕಳುಹಿಸಿದ ಸಂಕೇತವಾಗಿದ್ದರೆ ಅದು ಕಿರಿದಾದ ಆವೃತ್ತಿಪಟ್ಟಿಯಲ್ಲಿ ಚೂಪಾಗಿ ಕಾಣಬೇಕಿತ್ತು. ಇದು ಸುಮಾರು 10ರಿಂದ 60 ಗಿಗಾಹರ್ಟ್ಜ್‌ವರೆಗೆ ಹರಡಿಕೊಂಡ ನುಣುಪಾದ ದಿಬ್ಬ, ಅದೂ ದೂಳು ಎಲ್ಲಿ ದಟ್ಟವಾಗಿದೆಯೋ ಅಲ್ಲೇ ಕಾಣುವ ದಿಬ್ಬ. ಅಪಾಯದ ಪ್ರಶ್ನೆಗೆ ಒಂದು ಲೆಕ್ಕ ಮಾಡಿ ತೋರಿಸಿ. ಒಂದು ಜಾನ್ಸ್ಕಿ ತೀವ್ರತೆಯ ಮೂಲವು 10 ಗಿಗಾಹರ್ಟ್ಜ್ ಅಗಲದ ಪಟ್ಟಿಯಲ್ಲಿ ಒಂದು ಚದರ ಮೀಟರ್‌ಗೆ ತಲುಪಿಸುವ ಶಕ್ತಿ ಒಂದು ವಾಟ್‌ನ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲು. 64 ಮೀಟರ್ ವ್ಯಾಸದ ತಟ್ಟೆಯಿಂದ ಅದನ್ನೆಲ್ಲ ಬಾಚಿ ತೆಗೆದರೂ ಸಿಗುವುದು ಒಂದು ವಾಟ್‌ನ ಸುಮಾರು ಮೂರು ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ. ಅಡುಗೆಮನೆಯ ಮೈಕ್ರೋವೇವ್ ಒಲೆ ನೂರಾರು ವಾಟ್‌ಗಳಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಅವರೇ ಹೋಲಿಸಿ ನೋಡಲಿ.

ಬಿಗ್ ಬ್ಯಾಂಗ್ ಕುರಿತ ಪ್ರಶ್ನೆ ಇವುಗಳಿಗಿಂತ ಮುಖ್ಯವಾದದ್ದು. ವಿಶ್ವದ ಆರಂಭಕಾಲದಿಂದ ಉಳಿದು ಬಂದಿರುವ 2.725 ಕೆಲ್ವಿನ್ ಹಿನ್ನೆಲೆ ವಿಕಿರಣ 160 ಗಿಗಾಹರ್ಟ್ಜ್ ಸುಮಾರಿನಲ್ಲಿ ಉತ್ತುಂಗಕ್ಕೇರುತ್ತದೆ. ಅಸಹಜ ಉತ್ಸರ್ಜನೆ ಅದರ ಮುಂದೆ ತೆರೆಯಂತೆ ಬಂದು ನಿಲ್ಲುತ್ತದೆಯೇ ಹೊರತು ಅದನ್ನು ಸುಳ್ಳಾಗಿಸುವುದಿಲ್ಲ. ಆದರೆ ಆ ತೆರೆಯನ್ನು ಅರಿತು ಕಳೆಯದಿದ್ದರೆ ಹಿನ್ನೆಲೆಯ ಚಿತ್ರ ಕಲಬೆರಕೆಯಾಗುತ್ತದೆ. ಈ ಇಡೀ ಕ್ಷೇತ್ರ ಹುಟ್ಟಿದ್ದೇ ಆ ಕಳವಳದಿಂದ. 1996ರಲ್ಲಿ ಕೋಬೆ ಉಪಗ್ರಹದ ನಕ್ಷೆಗಳನ್ನು ಪರಿಶೀಲಿಸುತ್ತಿದ್ದ ಕೋಗಟ್ ಮತ್ತು ಸಂಗಡಿಗರು, ನಮ್ಮ ಆಕಾಶಗಂಗೆಯ ದೂಳಿನ ಹಂಚಿಕೆಯೊಂದಿಗೆ ಹೊಂದುವ ಮೈಕ್ರೋವೇವ್ ಅಂಶವೊಂದನ್ನು ಗುರುತಿಸಿದರು. ಮರುವರ್ಷ ಕ್ಯಾಲಿಫೋರ್ನಿಯಾದ ಓವೆನ್ಸ್ ವ್ಯಾಲಿಯಲ್ಲಿ ಲೀಚ್ ಮತ್ತು ಸಂಗಡಿಗರು 14.5 ಹಾಗೂ 32 ಗಿಗಾಹರ್ಟ್ಜ್‌ನಲ್ಲಿ ಖಗೋಳದ ಉತ್ತರ ಧ್ರುವದ ಬಳಿಯ ಆಕಾಶವನ್ನು ನೋಡಿ, ಇದು ಪರಿಚಿತ ಮೂಲಗಳಿಂದ ಬರಲಾರದು ಎಂದರು. 1998ರಲ್ಲಿ ಡ್ರೇನ್ ಮತ್ತು ಲಜಾರಿಯನ್ ಅದಕ್ಕೆ ವಿವರಣೆ ಕೊಟ್ಟರು: ಅತಿ ಸಣ್ಣ ದೂಳಿನ ಕಣಗಳು ತಿರುಗುತ್ತಿವೆ, ತಿರುಗುತ್ತಲೇ ವಿಕಿರಣ ಹೊರಸೂಸುತ್ತಿವೆ. ತಿರುಗುವ ಕಣಗಳು ರೇಡಿಯೊ ಅಲೆಗಳನ್ನು ಹೊಮ್ಮಿಸಬಲ್ಲವು ಎಂಬ ಊಹೆಯನ್ನು 1957ರಷ್ಟು ಹಿಂದೆಯೇ ಎರಿಕ್ಸನ್ ಮುಂದಿಟ್ಟಿದ್ದರೂ ಆಗ ಅದನ್ನು ಪರೀಕ್ಷಿಸುವ ಅಳತೆಗಳಿರಲಿಲ್ಲ.

ಈ ತಿರುಗುವಿಕೆಯ ಲೆಕ್ಕವನ್ನು ಬಿ.ಎಸ್‌ಸಿ. ತರಗತಿಯ ಕಪ್ಪುಹಲಗೆಯ ಮೇಲೇ ಮಾಡಬಹುದು, ದಯವಿಟ್ಟು ಮಾಡಿ. ಅರ್ಧ ನ್ಯಾನೊಮೀಟರ್ ತ್ರಿಜ್ಯದ, ಸುಮಾರು 60 ಇಂಗಾಲದ ಪರಮಾಣುಗಳಿರುವ ಒಂದು ಕಣವನ್ನು ತೆಗೆದುಕೊಳ್ಳಿ. 100 ಕೆಲ್ವಿನ್ ಉಷ್ಣತೆಯ ಅನಿಲದ ಅಣುಗಳು ಅದಕ್ಕೆ ಬಡಿಯುತ್ತ ಬಡಿಯುತ್ತ ತಮ್ಮ ಶಕ್ತಿಯ ಪಾಲನ್ನು ಭ್ರಮಣೆಗೆ ಕೊಟ್ಟರೆ, ಆ ಕಣ ಸೆಕೆಂಡಿಗೆ ಸುಮಾರು 3,000 ಕೋಟಿ ಸುತ್ತು ತಿರುಗುತ್ತದೆ. ಅಂದರೆ 30 ಗಿಗಾಹರ್ಟ್ಜ್. ಕಣದ ಒಂದು ಬದಿ ಧನ, ಇನ್ನೊಂದು ಬದಿ ಋಣವಾಗಿ ವಿದ್ಯುದಾವೇಶ ಸ್ವಲ್ಪ ಅಸಮವಾಗಿ ಹಂಚಿಕೊಂಡಿದ್ದರೆ, ಅಂದರೆ ಅದಕ್ಕೊಂದು ದ್ವಿಧ್ರುವವಿದ್ದರೆ, ಅದು ತನ್ನ ಭ್ರಮಣೆಯ ಆವೃತ್ತಿಯಲ್ಲೇ ಪ್ರಸಾರ ಮಾಡುವ ಒಂದು ಪುಟ್ಟ ಆಂಟೆನಾ. ಈಗ ತ್ರಿಜ್ಯವನ್ನು ಇಮ್ಮಡಿ ಮಾಡಿ. ಭ್ರಮಣೆಯ ವೇಗ ಐದೂವರೆ ಪಟ್ಟಿಗೂ ಹೆಚ್ಚು ಇಳಿದುಬಿಡುತ್ತದೆ. ಹೊರಸೂಸುವ ಶಕ್ತಿ ಆವೃತ್ತಿಯ ನಾಲ್ಕನೇ ಘಾತವನ್ನು ಅನುಸರಿಸುವುದರಿಂದ, ದ್ವಿಧ್ರುವ ಅಷ್ಟೇ ಇದೆ ಎಂದುಕೊಂಡರೂ, ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಅಂದರೆ ಈ ವಿಕಿರಣದಲ್ಲಿ ನಮಗೆ ಕಾಣುವುದು ದೂಳಿನ ಗಾತ್ರಪಟ್ಟಿಯ ತೀರಾ ಕೆಳತುದಿ, ದೊಡ್ಡ ಅಣು ಮತ್ತು ಚಿಕ್ಕ ಕಣ ಇವೆರಡರ ನಡುವಿನ ಗಡಿ. ಬೇರಾವ ಆವೃತ್ತಿಯಲ್ಲೂ ಈ ಗಡಿ ಇಷ್ಟು ನೇರವಾಗಿ ಮಾತನಾಡುವುದಿಲ್ಲ. ಇಪ್ಪತ್ತು ವರ್ಷಗಳಿಂದ ರೇಡಿಯೊ ಆಕಾಶವನ್ನು ನೋಡುತ್ತಿರುವ ನನಗೆ ಈ ವಿಷಯದ ಮೇಲೆ ಇಂದಿಗೂ ಆಸಕ್ತಿ ತಗ್ಗದಿರಲು ಕಾರಣ ಇದೇ.

ಆ ಕಣಗಳು ಯಾವ ವಸ್ತುವಿನವು ಎಂಬುದರಲ್ಲಿ ಒಮ್ಮತವಿಲ್ಲ. ಷಡ್ಭುಜಾಕಾರದ ಇಂಗಾಲದ ಉಂಗುರಗಳು ಬೆಸೆದುಕೊಂಡ ಪಿಎಎಚ್ ಅಣುಗಳೇ ಎಂದು ಬಹಳ ಕಾಲ ನಂಬಲಾಗಿತ್ತು. 2016ರಲ್ಲಿ ಹೆನ್ಸ್‌ಲಿ, ಡ್ರೇನ್ ಮತ್ತು ಮೈಸ್ನರ್ ಇಡೀ ಆಕಾಶದ ನಕ್ಷೆಗಳನ್ನು ಹೋಲಿಸಿ, ಅಸಹಜ ಉತ್ಸರ್ಜನೆ ಪಿಎಎಚ್‌ಗಳಿಗಿಂತ ಒಟ್ಟು ದೂಳಿನ ವಿಕಿರಣದೊಂದಿಗೇ ಹೆಚ್ಚು ಹೊಂದುತ್ತದೆ ಎಂದು ತೋರಿಸಿದರು. 2019ರಲ್ಲಿ ಲ್ಯಾಂಬ್ಡಾ ಓರಿಯೋನಿಸ್ ಪ್ರದೇಶವನ್ನು ಅಭ್ಯಸಿಸಿದ ಇನ್ನೊಂದು ತಂಡಕ್ಕೆ ಪಿಎಎಚ್‌ಗಳ ಪರವಾದ ಸಾಕ್ಷ್ಯ ಸಿಕ್ಕಿತು. ನ್ಯಾನೊ ಗಾತ್ರದ ಸಿಲಿಕೇಟ್ ಕಣಗಳು, ಕೆಲವು ಎಳೆಯ ನಕ್ಷತ್ರಗಳ ಸುತ್ತಲಿನ ತಟ್ಟೆಗಳಲ್ಲಿ ನ್ಯಾನೊವಜ್ರಗಳು, ಹೀಗೆ ಬೇರೆ ಅಭ್ಯರ್ಥಿಗಳೂ ಇವೆ. ಬೇರೆ ಗ್ಯಾಲಕ್ಸಿಗಳತ್ತ ನೋಡುವುದರ ಉಪಯೋಗ ಇಲ್ಲೇ ಇದೆ. ಒಂದೇ ಆಕಾಶಗಂಗೆಯೊಳಗೆ ಕುಳಿತು ನೋಡಿದರೆ ದೂಳಿನ ಸ್ವಭಾವ, ನಕ್ಷತ್ರಗಳ ಬೆಳಕು, ಭಾರಧಾತುಗಳ ಪ್ರಮಾಣ ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಬೇರೆ ಬೇರೆ ಗ್ಯಾಲಕ್ಸಿಗಳಲ್ಲಿ ಅವು ಬೇರೆ ಬೇರೆ ಅನುಪಾತದಲ್ಲಿ ಇರುತ್ತವೆ.

ಹಾಗಿದ್ದರೆ ಬೇರೆ ಗ್ಯಾಲಕ್ಸಿಗಳಲ್ಲಿ ಇದು ಇಷ್ಟು ವಿರಳವಾಗಿ ಕಾಣುವುದೇಕೆ? ಈವರೆಗಿನ ದಾಖಲೆ ಹೀಗಿದೆ. 2010ರಲ್ಲಿ ಮರ್ಫಿ ಮತ್ತು ಸಂಗಡಿಗರು ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕದಿಂದ ಎನ್‌ಜಿಸಿ 6946ರ ಹಲವು ನಕ್ಷತ್ರೋತ್ಪತ್ತಿ ಪ್ರದೇಶಗಳನ್ನು ನೋಡಿದಾಗ, ಹೊರತಟ್ಟೆಯ ಒಂದೇ ಒಂದು ಪ್ರದೇಶದಲ್ಲಿ 33 ಗಿಗಾಹರ್ಟ್ಜ್ ಬಳಿ ಸ್ಪಷ್ಟ ಹೆಚ್ಚಳ ಕಂಡಿತು. 2018ರಲ್ಲಿ ಅದೇ ಮರ್ಫಿ ನೇತೃತ್ವದ ತಂಡಕ್ಕೆ ಅಮೆರಿಕದ ವಿಎಲ್‌ಎ ಎಂಬ, ಹಲವು ತಟ್ಟೆಗಳ ರೇಡಿಯೊ ದೂರದರ್ಶಕದಿಂದ ಎನ್‌ಜಿಸಿ 4725ರಲ್ಲಿ ಇನ್ನೊಂದು ಚುಕ್ಕೆ ಸಿಕ್ಕಿತು. ಆಂಡ್ರೊಮೀಡಾದಲ್ಲಿ 2015ರಲ್ಲಿ ಪ್ಲಾಂಕ್ ತಂಡ 2.3 ಸಿಗ್ಮಾ ಮಟ್ಟದ ಸುಳಿವನ್ನಷ್ಟೇ ಕೊಟ್ಟಿತು. 2019ರಲ್ಲಿ ಬಾಟಿಸ್ಟೆಲ್ಲಿ ಮತ್ತು ಸಂಗಡಿಗರು ಸಾರ್ಡಿನಿಯಾ ದೂರದರ್ಶಕದಿಂದ 6.6 ಗಿಗಾಹರ್ಟ್ಜ್ ನಕ್ಷೆ ತಯಾರಿಸಿ, ಅದರ ಆಧಾರದ ಮೇಲೆ ಪ್ರಬಲವಾದ ಪತ್ತೆಯನ್ನು ಪ್ರಕಟಿಸಿದರು. ನಂತರ ಸಿ-ಬಾಸ್ ಎಂಬ ರೇಡಿಯೊ ಸಮೀಕ್ಷೆಯ ತಂಡದ ವಿಶ್ಲೇಷಣೆ ಆ ಪ್ರಮಾಣವನ್ನು ಸಾಕಷ್ಟು ಕೆಳಗಿಳಿಸಿತು. ಒಂದೇ ಗ್ಯಾಲಕ್ಸಿ, ಅದೂ ಬರಿಗಣ್ಣಿಗೆ ಕಾಣುವಷ್ಟು ಹತ್ತಿರದ್ದು, ಅನುಭವಿ ತಂಡಗಳು, ಆದರೂ ಅಂಕಿಗಳು ಬೇರೆ. ಇನ್ನೊಂದೆಡೆ ಎಂ82, ಎನ್‌ಜಿಸಿ 253, ಎನ್‌ಜಿಸಿ 4945ರಂಥ, ನಕ್ಷತ್ರಗಳು ಅತಿ ಭರದಿಂದ ಹುಟ್ಟುತ್ತಿರುವ ಗ್ಯಾಲಕ್ಸಿಗಳಲ್ಲಿ 2011ರಲ್ಲಿ ಹುಡುಕಿದಾಗ ಏನೂ ಸಿಗಲಿಲ್ಲ. 2022ರಲ್ಲಿ ಬಿಯಾಂಕಿ ಮತ್ತು ಸಂಗಡಿಗರು 18.6 ಹಾಗೂ 24.6 ಗಿಗಾಹರ್ಟ್ಜ್‌ನಲ್ಲಿ ನಿಮ್ಮ ಎನ್‌ಜಿಸಿ 5055 ಸೇರಿದಂತೆ ನಾಲ್ಕು ಸುರುಳಿ ಗ್ಯಾಲಕ್ಸಿಗಳನ್ನು ನೋಡಿ ಮೇಲ್ಮಿತಿಗಳನ್ನು, ಅಂದರೆ ಉತ್ಸರ್ಜನೆ ಇದ್ದರೂ ಇದಕ್ಕಿಂತ ಹೆಚ್ಚಿರಲಾರದು ಎಂಬ ಗಡಿಗಳನ್ನು ಮಾತ್ರ ಕೊಟ್ಟರು.

ನೀವು ಆ ಪ್ರಬಂಧದ ಮೊದಲರ್ಧಕ್ಕೇ ನಿಂತುಬಿಟ್ಟಿರಿ ಎಂದು ನನ್ನ ಅನುಮಾನ. ಅವರು "ಅಲ್ಲಿ ಅಸಹಜ ಉತ್ಸರ್ಜನೆ ಇಲ್ಲ" ಎನ್ನಲಿಲ್ಲ. ತಮ್ಮ ಮೇಲ್ಮಿತಿಗಳು, ಈವರೆಗೆ ಪತ್ತೆಯಾದ ಕೆಲವೇ ಉದಾಹರಣೆಗಳಿಂದ ಬರುವ ಸರಾಸರಿಗೆ ವಿರುದ್ಧವಾಗಿಲ್ಲ ಎಂದರು. ಒಂದಿಷ್ಟು ದೂಳಿಗೆ ಇಂತಿಷ್ಟು ಉತ್ಸರ್ಜನೆ ಎಂಬ ಅನುಪಾತ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಇರಬಹುದು. ನಕ್ಷತ್ರಗಳು ಭರದಿಂದ ಹುಟ್ಟುತ್ತಿರುವ ಗ್ಯಾಲಕ್ಸಿಗಳಲ್ಲಿ ಉಳಿದ ರೇಡಿಯೊ ಮೂಲಗಳು ಎಷ್ಟು ಪ್ರಖರವಾಗಿರುತ್ತವೆ ಎಂದರೆ ದೂಳಿನ ದನಿ ಅವುಗಳ ನಡುವೆ ಕೇಳಿಸುವುದಿಲ್ಲ. ಜಾತ್ರೆಯಲ್ಲಿ ತಂಬೂರಿ ನುಡಿಸಿದಂತೆ. ಆದ್ದರಿಂದ ಆಂಡ್ರೊಮೀಡಾದಂತೆ ಶಾಂತವಾಗಿರುವ, ರೇಡಿಯೊದಲ್ಲಿ ಮಂದವಾಗಿರುವ ಸುರುಳಿಗಳಲ್ಲಿ ಹುಡುಕಬೇಕು ಎಂಬುದು ಅವರ ಸಲಹೆ. ನನಗೂ ಅದೇ ಸರಿಯೆನಿಸುತ್ತದೆ.

ಇನ್ನು ನಿಮ್ಮ 100 ಮಿಲಿಜಾನ್ಸ್ಕಿ. ಆಂಡ್ರೊಮೀಡಾದ ಅಸಹಜ ಉತ್ಸರ್ಜನೆ ಸ್ಥೂಲವಾಗಿ ಒಂದು ಜಾನ್ಸ್ಕಿಯ ಆಸುಪಾಸಿನದು ಎಂದುಕೊಳ್ಳೋಣ. ಎನ್‌ಜಿಸಿ 5055 ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದೂರದಲ್ಲಿದೆ. ಎರಡರಲ್ಲೂ ದೂಳು ಸುಮಾರು ಅಷ್ಟೇ ಇದೆ ಎಂದು ಹಿಡಿದರೂ ನಿಮಗೆ ಸಿಗಬೇಕಾದದ್ದು ಅದರ ನೂರನೇ ಒಂದು ಪಾಲು, ಅಂದರೆ 10 ಮಿಲಿಜಾನ್ಸ್ಕಿಯ ಸುಮಾರು. ಧಾರಾಳವಾಗಿ 20 ಅನ್ನಿ. 100 ಸಿಕ್ಕಿದೆ ಎಂದಾಗ ಸಂತೋಷಕ್ಕಿಂತ ಮೊದಲು ಸಂದೇಹ ಬರಬೇಕಿತ್ತು.

ಆ ಹೆಚ್ಚಳ ಎಲ್ಲಿಂದ ಬಂತು? ಪ್ಲಾಂಕ್‌ನ 28.4 ಗಿಗಾಹರ್ಟ್ಜ್ ಕಿರಣದ, ಅಂದರೆ ಅದು ಒಮ್ಮೆಗೆ ನೋಡುವ ಆಕಾಶದ ತುಣುಕಿನ, ಅಗಲ ಸುಮಾರು 33 ಕೋನನಿಮಿಷ (ಒಂದು ಕೋನನಿಮಿಷವೆಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು). ಹುಣ್ಣಿಮೆಯ ಚಂದ್ರನಿಗಿಂತ ಸ್ವಲ್ಪ ದೊಡ್ಡದು. ನಿಮ್ಮ ಗ್ಯಾಲಕ್ಸಿ ಅದರೊಳಗೆ ಸುಮಾರು 12 ಕೋನನಿಮಿಷ ಉದ್ದ, 7 ಕೋನನಿಮಿಷ ಅಗಲದ ಅಂಡಾಕಾರ, ಕಿರಣದ ವಿಸ್ತಾರದ ಇಪ್ಪತ್ತನೇ ಒಂದು ಪಾಲಿನಷ್ಟು. ಉಳಿದ ಹತ್ತೊಂಬತ್ತು ಪಾಲಿನಲ್ಲಿರುವುದು ಹಿನ್ನೆಲೆಯ ಆಕಾಶ, ಮತ್ತು ಆ ಹಿನ್ನೆಲೆ ಸಮತಟ್ಟಲ್ಲ. ಬಿಗ್ ಬ್ಯಾಂಗ್‌ನ ಹಿನ್ನೆಲೆ ವಿಕಿರಣದಲ್ಲಿ ಹತ್ತಾರು ಮೈಕ್ರೊಕೆಲ್ವಿನ್‌ನ ಏರಿಳಿತಗಳು ಎಲ್ಲೆಡೆ ಇವೆ. ಈ ಗಾತ್ರದ ಕಿರಣದಲ್ಲಿ 100 ಮೈಕ್ರೊಕೆಲ್ವಿನ್‌ನ ಒಂದು ಏರು ಕಾಲು ಜಾನ್ಸ್ಕಿಯಷ್ಟು ಫ್ಲಕ್ಸ್, ಅಂದರೆ ನಮ್ಮನ್ನು ತಲುಪುವ ವಿಕಿರಣದ ತೀವ್ರತೆ, ಕೊಡುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ನಿಮ್ಮ 100 ಮಿಲಿಜಾನ್ಸ್ಕಿಗೆ 40 ಮೈಕ್ರೊಕೆಲ್ವಿನ್ ಸಾಕು. ವಿದ್ಯಾರ್ಥಿಗಳು ಬಿಗ್ ಬ್ಯಾಂಗ್ ಬಗ್ಗೆ ಕೇಳಿದ ಪ್ರಶ್ನೆ ನಿಮ್ಮ ಲೆಕ್ಕದೊಳಗೇ ಕುಳಿತಿತ್ತು. ಸಾರ್ಡಿನಿಯಾದ ಕಿರಣವಾದರೋ ಆ ಆವೃತ್ತಿಗಳಲ್ಲಿ ಸುಮಾರು ಒಂದು ಕೋನನಿಮಿಷ. ಅವರು ಗ್ಯಾಲಕ್ಸಿಯನ್ನು ಹಿನ್ನೆಲೆಯಿಂದ ಬಿಡಿಸಿ ನೋಡಬಲ್ಲರು. ನೀವಿಬ್ಬರೂ ಅಳೆದದ್ದು ಒಂದೇ ವಸ್ತುವನ್ನಲ್ಲ.

ನನ್ನ ಮಾತನ್ನು ನಂಬಬೇಡಿ, ಪರೀಕ್ಷಿಸಿ. ಗ್ಯಾಲಕ್ಸಿಯ ಸುತ್ತಮುತ್ತ, ಹೆಚ್ಚುಕಡಿಮೆ ಅದೇ ಗ್ಯಾಲಕ್ಟಿಕ್ ಅಕ್ಷಾಂಶದಲ್ಲಿ, ಯಾವ ಪ್ರಖರ ಮೂಲವೂ ಇಲ್ಲದ ಮುನ್ನೂರು ನಾನೂರು ಖಾಲಿ ಜಾಗಗಳನ್ನು ಯಾದೃಚ್ಛಿಕವಾಗಿ ಆರಿಸಿ, ಎನ್‌ಜಿಸಿ 5055ಕ್ಕೆ ಬಳಸಿದ ಅದೇ ವೃತ್ತ, ಅದೇ ಹಿನ್ನೆಲೆ ಉಂಗುರವನ್ನು ಪ್ರತಿ ಜಾಗದಲ್ಲೂ ಇಟ್ಟು ಫ್ಲಕ್ಸ್ ಅಳೆಯಿರಿ. ಆ ಅಂಕಿಗಳ ಹರವೇ ನಿಮ್ಮ ನಿಜವಾದ ದೋಷಮಿತಿ. ನಿಮ್ಮ ಪಟ್ಟಿಯಲ್ಲಿ ಬರೆದಿರುವ ಉಪಕರಣದ ಸದ್ದು ಅದರ ಒಂದು ಸಣ್ಣ ಭಾಗ ಮಾತ್ರ. ಎರಡನೆಯದಾಗಿ, ಅದೇ ವೃತ್ತದಲ್ಲಿ 44 ಮತ್ತು 70 ಗಿಗಾಹರ್ಟ್ಜ್ ನಕ್ಷೆಗಳನ್ನೂ ಅಳೆಯಿರಿ. ಹಿನ್ನೆಲೆಯ ಏರಿಳಿತವಾದರೆ ಫ್ಲಕ್ಸ್ ಆವೃತ್ತಿಯ ವರ್ಗಕ್ಕೆ ಹತ್ತಿರವಾಗಿ ಏರುತ್ತ ಹೋಗುತ್ತದೆ, ತಿರುಗುವ ದೂಳಾದರೆ ಇಳಿಯುತ್ತದೆ. ಪ್ಲಾಂಕ್ ತಂಡ ಬೇರ್ಪಡಿಸಿ ಕೊಟ್ಟಿರುವ ಹಿನ್ನೆಲೆ ನಕ್ಷೆಯನ್ನು ಕಳೆದೂ ನೋಡಬಹುದು, ಆದರೆ ಪ್ರಖರ ಗ್ಯಾಲಕ್ಸಿಗಳಿರುವ ಜಾಗದಲ್ಲಿ ಆ ನಕ್ಷೆಯಲ್ಲೇ ಗ್ಯಾಲಕ್ಸಿಯ ಸ್ವಲ್ಪ ಅಂಶ ಉಳಿದಿರುತ್ತದೆ ಎಂಬ ಎಚ್ಚರವಿರಲಿ.

ಮಾದರಿ "ಚೆನ್ನಾಗಿ ಕೂರುತ್ತದೆ" ಎಂಬ ಮಾತಿನ ಬಗ್ಗೆಯೂ ಹೇಳಲೇಬೇಕು. ಒಂದು ಬಿಂದು ಮೇಲಕ್ಕಿದ್ದು, ಆ ಜಾಗದಲ್ಲೇ ಉಬ್ಬುವ ವಕ್ರರೇಖೆಯನ್ನು ಎರಡು ಹೊಸ ಚರಗಳೊಂದಿಗೆ ಸೇರಿಸಿದರೆ ಅದು ಕೂರಲೇಬೇಕು. ಅಸಹಜ ಉತ್ಸರ್ಜನೆಯನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಉಳಿದದ್ದನ್ನೆಲ್ಲ ಕಳೆದ ಮೇಲೆ ಮಿಕ್ಕಿದ್ದಕ್ಕೆ ಆ ಹೆಸರು. ಆದ್ದರಿಂದ ಕಳೆಯುವ ಅಂಕಿಗಳ ಮೇಲಿನ ಹಿಡಿತವೇ ಎಲ್ಲ. 10 ಗಿಗಾಹರ್ಟ್ಜ್‌ಗಿಂತ ಕೆಳಗೆ ಪ್ರಾಬಲ್ಯ ಸಿಂಕ್ರೊಟ್ರಾನ್ ವಿಕಿರಣದ್ದು. ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ವೇಗದ ಎಲೆಕ್ಟ್ರಾನ್‌ಗಳಿಂದ ಬರುವ ಇದು ಆವೃತ್ತಿ ಏರಿದಂತೆ ಸುಮಾರು 0.8 ಘಾತದಲ್ಲಿ ಇಳಿಯುತ್ತದೆ. ಎಳೆಯ ನಕ್ಷತ್ರಗಳ ಸುತ್ತಲಿನ ಬಿಸಿ ಅನಿಲದಿಂದ ಬರುವ ಫ್ರೀ-ಫ್ರೀ ವಿಕಿರಣ 0.1 ಘಾತದಲ್ಲಿ, ಅಂದರೆ ಬಹುತೇಕ ಸಮತಟ್ಟಾಗಿ ಸಾಗುತ್ತದೆ. ಹಾಗಾಗಿ 1.4 ಗಿಗಾಹರ್ಟ್ಜ್‌ನಲ್ಲಿ ಹತ್ತನೇ ಒಂದು ಪಾಲಿದ್ದ ಫ್ರೀ-ಫ್ರೀ, 28 ಗಿಗಾಹರ್ಟ್ಜ್ ತಲುಪುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕರ್ಧವಾಗಿರುತ್ತದೆ. ಈಗ 1.4ರಲ್ಲಿ ಒಟ್ಟು ಫ್ಲಕ್ಸ್ 400 ಮಿಲಿಜಾನ್ಸ್ಕಿ ಎಂದು ಹಿಡಿಯಿರಿ. ಸಿಂಕ್ರೊಟ್ರಾನ್ ಇಳಿಜಾರು 0.8ರ ಬದಲು 0.7 ಎಂದರೆ 28.4ರಲ್ಲಿ ಸುಮಾರು 11 ಮಿಲಿಜಾನ್ಸ್ಕಿ ವ್ಯತ್ಯಾಸ. ಫ್ರೀ-ಫ್ರೀ ಪಾಲು ಶೇ. 10ರ ಬದಲು ಶೇ. 15 ಎಂದರೆ ಇನ್ನೂ 13. ನೀವು ಹುಡುಕುತ್ತಿರುವ ದೂಳಿನ ಒಟ್ಟು ಮೊತ್ತವೇ ಅಷ್ಟು! ಇವೆರಡನ್ನು ಕಟ್ಟಿಹಾಕುವವರೆಗೆ ತಿರುಗುವ ದೂಳಿನ ಬಗ್ಗೆ ಯಾರೇ ಆಗಲಿ ಏನನ್ನೂ ಹೇಳುವಂತಿಲ್ಲ.

ನಾನು ಈ ಕ್ಷೇತ್ರಕ್ಕೆ ಬಂದ ಹೊಸತರಲ್ಲಿ ಒಂದು ಸುರುಳಿ ಗ್ಯಾಲಕ್ಸಿಯ ಹೊರತೋಳಿನಲ್ಲಿ 25 ಗಿಗಾಹರ್ಟ್ಜ್ ಹೆಚ್ಚಳವೊಂದನ್ನು ಕಂಡೆ. ಒಂದು ತಿಂಗಳು ಅದರ ಹಿಂದೆ ಬಿದ್ದೆ. ಕೊನೆಗೆ ಹೆಚ್ಚಿನ ಪೃಥಕ್ಕರಣದ ರೇಡಿಯೊ ನಕ್ಷೆಯನ್ನು ಅದರ ಮೇಲೆ ಹಾಸಿ ನೋಡಿದಾಗ, ತೋಳಿನ ದೂಳಿನಿಂದ ಅರ್ಧ ಕೋನನಿಮಿಷ ಸರಿದು ಸೂಜಿಮೊನೆಯಂಥ ಒಂದು ಚುಕ್ಕೆ ಕುಳಿತಿತ್ತು. ಅದು ಆ ಗ್ಯಾಲಕ್ಸಿಗೆ ಸೇರಿದ್ದೇ ಅಲ್ಲ, ಅದರಾಚೆ ಬಹು ದೂರದ ಒಂದು ಕ್ವೇಸಾರ್, ಅಂದರೆ ಇನ್ನೊಂದು ಗ್ಯಾಲಕ್ಸಿಯ ಅತಿ ಪ್ರಖರ ಕೇಂದ್ರ. ಇಂಥ ಮೂಲಗಳ ರೋಹಿತ ಕೆಲವೊಮ್ಮೆ ಸಮತಟ್ಟಾಗಿ, ಕೆಲವೊಮ್ಮೆ ಆವೃತ್ತಿಯೊಂದಿಗೆ ಏರುತ್ತಲೂ ಹೋಗುವುದರಿಂದ ಅವು ತಿರುಗುವ ದೂಳಿನ ವೇಷವನ್ನು ಸುಲಭವಾಗಿ ಹಾಕುತ್ತವೆ. ಅಂದಿನಿಂದ ಯಾವ ನಕ್ಷೆಯನ್ನೇ ಆಗಲಿ, ಫ್ಲಕ್ಸ್ ಅಳೆಯುವ ಮೊದಲು ಕಣ್ಣಾರೆ ನೋಡುತ್ತೇನೆ. ವಾತಾವರಣದ ಕಾಟವೂ ಇದೆ. ನೀರಾವಿಯ ರೋಹಿತರೇಖೆ 22.2 ಗಿಗಾಹರ್ಟ್ಜ್‌ನಲ್ಲಿ, ಸರಿಯಾಗಿ ನಮ್ಮ ಪಟ್ಟಿಯ ನಡುವೆಯೇ ಇದೆ. ತೆಳುವಾದ ಮೋಡದ ಪದರ ಹಾದುಹೋದರೂ ದೂರದರ್ಶಕದ ಪರದೆಯ ಮೇಲೆ ಸಂಕೇತದ ತಳರೇಖೆ ನಿಧಾನವಾಗಿ ಉಬ್ಬಿ ಇಳಿಯುತ್ತದೆ, ಮತ್ತು ಆ ಉಬ್ಬು ಗ್ಯಾಲಕ್ಸಿಗಿಂತ ನೂರಾರು ಪಟ್ಟು ದೊಡ್ಡದಿರುತ್ತದೆ. ಸಾರ್ಡಿನಿಯಾದವರು ಆರಿಸಿದ 18.6 ಮತ್ತು 24.6 ಆ ರೇಖೆಯ ಎರಡು ಪಕ್ಕದಲ್ಲಿವೆ ಎಂಬುದನ್ನು ಗಮನಿಸಿ.

ಈಗ ನಿಮ್ಮ ಮುಂದಿರುವ ದಾರಿಗಳು. ಆಂಡ್ರೊಮೀಡಾಗೆ ಹೋಗುವುದು ಒಂದು. ಮೂರು ಡಿಗ್ರಿಯಷ್ಟು ವಿಸ್ತಾರವಾದ ಅದನ್ನು ಪ್ಲಾಂಕ್‌ನ ಕಿರಣವೂ ಬಿಡಿಸಿ ನೋಡಬಲ್ಲದು, ನಕ್ಷೆಗಳು ಸಾರ್ವಜನಿಕವಾಗಿವೆ, ಉತ್ಸರ್ಜನೆಯೂ ಇದೆ ಎನ್ನುವಷ್ಟು ಸಾಕ್ಷ್ಯ ಕೂಡಿಬಂದಿದೆ. ಆದರೆ ಅಲ್ಲಿ ದೊಡ್ಡ ತಂಡಗಳು ತಮ್ಮದೇ ಉಪಕರಣಗಳೊಂದಿಗೆ ಕೆಲಸ ಮಾಡುತ್ತಿವೆ, ಹಿನ್ನೆಲೆ ಏರಿಳಿತ ಮತ್ತು ಹಿಂದಿನ ರೇಡಿಯೊ ಮೂಲಗಳನ್ನು ಕಳೆಯುವುದರ ಬಗ್ಗೆಯೇ ಅವರ ನಡುವೆ ವಿವಾದವಿದೆ. ಒಬ್ಬರೇ, ಅದೂ ಅರೆಕಾಲಿಕವಾಗಿ, ಆ ವಿವಾದದಲ್ಲಿ ಹೊಸದನ್ನು ಹೇಳುವುದು ಕಷ್ಟ. ಎನ್‌ಜಿಸಿ 6946ರಂಥ ಗ್ಯಾಲಕ್ಸಿಯ ಒಂದೊಂದೇ ಪ್ರದೇಶವನ್ನು ವಿಎಲ್‌ಎ ಸಂಗ್ರಹದ ದತ್ತಾಂಶದಿಂದ ನೋಡುವುದು ಇನ್ನೊಂದು ದಾರಿ. ಇಲ್ಲಿ ಹಿನ್ನೆಲೆ ಏರಿಳಿತದ ಕಾಟವಿಲ್ಲ. ಆದರೆ ಹಲವು ತಟ್ಟೆಗಳನ್ನು ಜೋಡಿಸಿದ ದೂರದರ್ಶಕ ಹರಡಿಕೊಂಡ ವಿಕಿರಣವನ್ನು ಸೋಸಿ ಬಿಟ್ಟುಬಿಡುತ್ತದೆ, ಅದೂ ಒಂದೊಂದು ಆವೃತ್ತಿಯಲ್ಲಿ ಒಂದೊಂದು ಪ್ರಮಾಣದಲ್ಲಿ. ಒಂದೇ ಕೋನಮಾನಕ್ಕೆ ಎಲ್ಲ ನಕ್ಷೆಗಳನ್ನು ತರದೆ ಹೋಲಿಸಿದರೆ ಇಲ್ಲದ ಉಬ್ಬುಗಳು ಹುಟ್ಟುತ್ತವೆ, ಇರುವ ಉಬ್ಬುಗಳು ಅಳಿಯುತ್ತವೆ. ಆ ದತ್ತಾಂಶವನ್ನು ಶುದ್ಧೀಕರಿಸಲು ಕಲಿಯುವುದಕ್ಕೇ ಆರೇಳು ತಿಂಗಳು ಬೇಕು. ಸಾರ್ಡಿನಿಯಾ ಅಥವಾ ಗ್ರೀನ್ ಬ್ಯಾಂಕ್‌ನಲ್ಲಿ ಹೊಸ ವೀಕ್ಷಣೆಗೆ ಅರ್ಜಿ ಹಾಕುವುದನ್ನು ಈಗಲೇ ಶಿಫಾರಸು ಮಾಡಲಾರೆ. ಸಮಯ ಸಿಕ್ಕರೂ ಹವೆ ಕೈಕೊಡಬಹುದು, ನಿಮ್ಮ ಅವಧಿ ಕಾಯುವುದರಲ್ಲೇ ಕಳೆಯಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ ಇನ್ನೊಂದು ದಾರಿ ಹಿಡಿಯುತ್ತಿದ್ದೆ. ರೇಡಿಯೊದಲ್ಲಿ ಮಂದವಾದ, ದೂಳು ಸಾಕಷ್ಟಿರುವ ಐದಾರು ಶಾಂತ ಸುರುಳಿಗಳನ್ನು ಆರಿಸಿ, ಅಸಹಜ ಉತ್ಸರ್ಜನೆಯನ್ನು ಹುಡುಕುವುದಕ್ಕಿಂತ ಮೊದಲು ಅವುಗಳ ಸಿಂಕ್ರೊಟ್ರಾನ್ ಮತ್ತು ಫ್ರೀ-ಫ್ರೀ ಪಾಲುಗಳನ್ನು ಈವರೆಗೆ ಯಾರೂ ಮಾಡದಷ್ಟು ಬಿಗಿಯಾಗಿ ನಿರ್ಧರಿಸುವುದು. ಅದಕ್ಕೆ ಬೇಕಾದದ್ದು ನಮ್ಮ ಬಳಿಯೇ ಇದೆ. ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕ, 45 ಮೀಟರ್‌ನ ಮೂವತ್ತು ತಟ್ಟೆಗಳೊಂದಿಗೆ, 1,450 ಮೆಗಾಹರ್ಟ್ಜ್‌ಗಿಂತ ಕೆಳಗಿನ ಆವೃತ್ತಿಗಳಲ್ಲಿ ಸಿಂಕ್ರೊಟ್ರಾನ್ ಇಳಿಜಾರನ್ನು ಗ್ಯಾಲಕ್ಸಿಯ ಒಳಗೇ ಜಾಗದಿಂದ ಜಾಗಕ್ಕೆ ಅಳೆಯಬಲ್ಲದು. ಅದರ ಹಳೆಯ ದತ್ತಾಂಶ ಸಂಗ್ರಹವೂ ತೆರೆದಿದೆ. ಫ್ರೀ-ಫ್ರೀ ಪಾಲನ್ನು ರೇಡಿಯೊದಿಂದಲೇ ಊಹಿಸಬೇಕಾಗಿಲ್ಲ. ಅದೇ ಬಿಸಿ ಅನಿಲ ಎಚ್-ಆಲ್ಫಾ ಎಂಬ ಕೆಂಪು ರೇಖೆಯಲ್ಲೂ ಹೊಳೆಯುತ್ತದೆ. ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ, ಎಚ್-ಆಲ್ಫಾ ಚಿತ್ರಗಳನ್ನು ಅಲ್ಲಿಂದ ಪಡೆಯಬಹುದು. ದೂಳು ನುಂಗಿದ ಬೆಳಕಿನ ತಿದ್ದುಪಡಿಗೆ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ 24 ಮೈಕ್ರಾನ್ ಅವಕೆಂಪು ಚಿತ್ರಗಳು ಸಾರ್ವಜನಿಕವಾಗಿವೆ. ಇದರಲ್ಲೂ ಅಪಾಯವಿದೆ, ಮರೆಮಾಚುವುದಿಲ್ಲ. ಆ ತಿದ್ದುಪಡಿಯ ಅನಿಶ್ಚಿತತೆ ಶೇ. 20ರಿಂದ 30ರಷ್ಟು ಉಳಿಯಬಹುದು, ಮತ್ತು ಕೊನೆಗೆ ನಿಮ್ಮ ಕೈಗೆ ಬರುವುದು ಪತ್ತೆಯಲ್ಲ, ಮತ್ತೊಂದಿಷ್ಟು ಮೇಲ್ಮಿತಿಗಳು ಇರಬಹುದು. ಆದರೆ ಇಂದಿನದಕ್ಕಿಂತ ಎರಡು ಪಟ್ಟು ಬಿಗಿಯಾದ ಮೇಲ್ಮಿತಿಯೊಂದು ಸಿಕ್ಕರೆ, ದೂಳಿಗೆ ಇಷ್ಟು ಉತ್ಸರ್ಜನೆ ಎಂಬ ಆ ಸರಾಸರಿ ಎಲ್ಲ ಗ್ಯಾಲಕ್ಸಿಗಳಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಅದು ನೇರ ಉತ್ತರ. ಅನ್ವಯಿಸುವುದಿಲ್ಲ ಎಂದು ತೋರಿದರೆ, ಸಣ್ಣ ಕಣಗಳು ಕೆಲವು ಗ್ಯಾಲಕ್ಸಿಗಳಲ್ಲಿ ನಾಶವಾಗಿವೆ ಎಂಬ ಅರ್ಥ ಬರುತ್ತದೆ. ಅದು ಯಾವ ಪತ್ತೆಗೂ ಕಡಿಮೆಯಲ್ಲ.

ನಿಮ್ಮ ಮಾರ್ಗದರ್ಶಕರ ಕಾಳಜಿ ಅರ್ಥವಾಗುತ್ತದೆ. ಉಬ್ಬು ಸುಳ್ಳಾದರೆ ಪ್ರಬಂಧವೇ ಬೀಳುತ್ತದೆ ಎಂದು ಅವರು ಹೆದರಿರಬಹುದು. ಖಾಲಿ ಜಾಗಗಳ ಪರೀಕ್ಷೆಯ ಫಲಿತಾಂಶವನ್ನೂ ಮೇಲಿನ 11 ಮತ್ತು 13 ಮಿಲಿಜಾನ್ಸ್ಕಿಯ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡಿ, ಶೀರ್ಷಿಕೆಯಲ್ಲಿ "ಪತ್ತೆ" ಎಂಬ ಪದದ ಬದಲು "ಮಿತಿ" ಎಂದು ಬದಲಿಸಲು ಒಪ್ಪಿಗೆ ಕೇಳಿ. ಈ ಎರಡು ವರ್ಷಗಳಲ್ಲಿ ನೀವು ಜೋಡಿಸಿದ ರೇಡಿಯೊ ಮತ್ತು ಅವಕೆಂಪು ಬಿಂದುಗಳಲ್ಲಿ ಒಂದನ್ನೂ ಎಸೆಯಬೇಕಾಗಿಲ್ಲ, 28.4ರದ್ದೊಂದಕ್ಕೆ ಸರಿಯಾದ ದೋಷಮಿತಿ ಹಾಕಿದರೆ ಸಾಕು.

ಎನ್‌ಜಿಸಿ 5055ನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಅದು ಅಷ್ಟೇನೂ ಶಾಂತ ಗ್ಯಾಲಕ್ಸಿಯಲ್ಲ, ಆದರೆ 18.6 ಮತ್ತು 24.6ರಲ್ಲಿ ಒಳ್ಳೆಯ ಅಳತೆಗಳು ಈಗಾಗಲೇ ಇರುವುದರಿಂದ ನಿಮ್ಮ ವಿಧಾನವನ್ನು ಒರೆಗೆ ಹಚ್ಚಲು ಅದು ಒದಗುತ್ತದೆ. ಅದು 42 ಡಿಗ್ರಿ ಉತ್ತರದಲ್ಲಿದೆ, ಖೋಡದ್‌ನಿಂದ ನೋಡಿದರೆ 67 ಡಿಗ್ರಿ ಎತ್ತರಕ್ಕೆ ಏರುತ್ತದೆ, ಏಪ್ರಿಲ್ ತಿಂಗಳ ನಡುರಾತ್ರಿಯಲ್ಲಿ ನೆತ್ತಿಯ ಉತ್ತರಕ್ಕೆ ಬರುತ್ತದೆ. ಜಿಎಂಆರ್‌ಟಿಯ ಅರ್ಜಿಗಳನ್ನು ವರ್ಷಕ್ಕೆ ಎರಡು ಬಾರಿ ಕರೆಯುತ್ತಾರೆ. ಹಳೆಯ ದತ್ತಾಂಶದಲ್ಲಿ ಈ ಗ್ಯಾಲಕ್ಸಿ ಇದೆಯೇ ಎಂದು ಮೊದಲು ಹುಡುಕಿ, ಇಲ್ಲದಿದ್ದರೆ ಅರ್ಜಿಯ ಕರಡನ್ನು ಈಗಲೇ ಬರೆಯಲು ಶುರುಮಾಡಿ.